ಮೂವತ್ತೊಂದನೆಯ ಪ್ರಶ್ನೆ

ಗುರುವಾರ, ಹದಿನೇಳನೆಯ ತಾರೀಖು
ಮಧ್ಯಾಹ್ನ, ಊಟದ ಬಿಡುವು

ಮುದ್ದಿನ ಪುಟ್ಟಿ,

ನಿನ್ನ ಅಕ್ಕನ ಆಶೀರ್ವಾದಗಳು. ನಾವಿಬ್ಬರೂ ಕ್ಷೇಮ. ನಿನ್ನ ಕಾಗದ ಬಂದು ಇಪ್ಪತ್ತೆರಡು ದಿನವಾಯಿತು, ಬೈಯಬೇಡ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಹಾಕಿದೆ. ಮೊದಲನೆಯದರಲ್ಲಿ ಬಾ ಎಂದಿದ್ದೆ, ಎರಡನೆಯದರಲ್ಲಿ ಬೇಡ ಎಂದಿದ್ದೆ, ಮೂರನೆಯದರಲ್ಲಿ ಏನು ಬರೆದಿದ್ದೆನೋ ನನಗೇ ತಿಳಿಯಲಿಲ್ಲ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕುತ್ತೀ, ನನಗೆ ಮಾತು ತಪ್ಪುತ್ತದೆ. ಈ ನಾಲ್ಕನೆಯದನ್ನು ಏನೇ ಆದರೂ ಹರಿಯುವುದಿಲ್ಲ ಎಂದು ಶಪಥ ಮಾಡಿ, ಆಫೀಸಿನ ಮೇಜಿನ ಮೇಲೇ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಇಲ್ಲಿನ ದೊಡ್ಡಾಸ್ಪತ್ರೆಯವರು ನಿನ್ನನ್ನು ನರ್ಸ್ ಕೆಲಸಕ್ಕೆ ಕರೆದಿದ್ದಾರೆ, ತಿಂಗಳ ಕೊನೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕು, ಅಷ್ಟು ಅರ್ಥವಾಯಿತು. ಅವರು ಕೊಡುವ ಮನೆ ಊರಿನ ಆ ತುದಿಯಲ್ಲಿ, ನಾವಿರುವುದು ಈ ತುದಿಯಲ್ಲಿ, ನಡುವೆ ಒಂದೂವರೆ ಗಂಟೆಯ ದಾರಿ. ನಿನ್ನ ಗಂಡ ವರ್ಷಕ್ಕೆ ಎಂಟು ತಿಂಗಳು ಹಡಗಿನ ಮೇಲೆ. "ಮಿಕ್ಕಿದ್ದೆಲ್ಲ ಹೇಗಾದ್ರೂ ಆಗುತ್ತೆ ಅಕ್ಕಾ. ಮಗೂಗೆ ಜ್ವರ ಬಂದ್ರೆ ಬಾಗಿಲು ತಟ್ಟೋಕೆ ಒಬ್ರಾದ್ರೂ ಸಿಗ್ತಾರಾ ಅಲ್ಲಿ? ನೀನು ನಗರಸಭೆಯ ಸಮೀಕ್ಷೆ ಆಫೀಸಲ್ಲೇ ಇದ್ದೀಯ, ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?" ಎಂದು ಕೇಳಿದ್ದೀಯ. ಪುಟ್ಟಿ, ನೀನು ಎಡವಿದ್ದೇ ಅಲ್ಲಿ. ಬೆಳಗಿನಿಂದ ಒಲೆ ಮುಂದೆ ನಿಂತವಳಿಗೆ ಉಪ್ಪು ಹೆಚ್ಚೋ ಕಡಿಮೆಯೋ ಗೊತ್ತಾಗುವುದಿಲ್ಲ.

ಊರು ಬೆಳೆಯುತ್ತಿದೆ, ಅದರಲ್ಲಿ ಅನುಮಾನವಿಲ್ಲ. ನಾವು ಬಂದ ಹೊಸದರಲ್ಲಿ ನಮ್ಮ ಬೀದಿಯ ಕೊನೆಗೆ ಊರೇ ಮುಗಿಯುತ್ತಿತ್ತು. ಈಗ ನಮ್ಮ ಬೀದಿಗೆ ಹಳೇ ಬಡಾವಣೆ ಎನ್ನುತ್ತಾರೆ. ಹನ್ನೊಂದು ವರ್ಷಕ್ಕೇ ಹಳಬರಾಗಿಬಿಟ್ಟೆವು! ಆಫೀಸಿಗೆ ಬರಲು ಮೊದಲು ನಲವತ್ತು ನಿಮಿಷ ಬೇಕಿತ್ತು. ಮೇಲ್ಸೇತುವೆ ಕಟ್ಟಿದರು, ಹದಿನೈದು ನಿಮಿಷವಾಯಿತು, ಎಲ್ಲರೂ ಕುಣಿದಾಡಿದೆವು. ಆರು ತಿಂಗಳಿಗೆ ಮತ್ತೆ ನಲವತ್ತು. ವ್ಯತ್ಯಾಸವೆಂದರೆ ಆಗ ಕೆಳಗೆ ನಿಲ್ಲುತ್ತಿದ್ದೆವು, ಈಗ ಮೇಲೆ ನಿಲ್ಲುತ್ತೇವೆ. ಗಾಳಿ ಚೆನ್ನಾಗಿ ಬರುತ್ತದೆ, ಅದನ್ನೂ ಹೇಳಬೇಕಲ್ಲ.

ನಿನ್ನ ಭಾವನಿಗಂತೂ ಕೈತುಂಬ ಕೆಲಸ. ಮೊದಲು ಹನ್ನೆರಡು ಲಿಫ್ಟುಗಳನ್ನು ನೋಡಿಕೊಳ್ಳುತ್ತಿದ್ದರು, ಈಗ ಇನ್ನೂರಕ್ಕೂ ಮೇಲೆ. ಹಿಂದೆ ಯಾರಾದರೂ ಒಳಗೆ ಸಿಕ್ಕಿಕೊಂಡರೆ ಕೂಗಾಡುತ್ತಿದ್ದರಂತೆ, ಇವರು ಹೊರಗಿನಿಂದ ಸಮಾಧಾನ ಹೇಳುತ್ತಾ ಬಿಚ್ಚುತ್ತಿದ್ದರಂತೆ, ಬಾಗಿಲು ತೆರೆಯುವಷ್ಟರಲ್ಲಿ ಮನೆಮಂದಿಯ ಕಥೆಯೆಲ್ಲ ಗೊತ್ತಾಗಿರುತ್ತಿತ್ತಂತೆ. "ಈಗ ಒಳಗಿದ್ದೋರು ಸುಮ್ನೆ ಫೋನ್ ನೋಡ್ಕೊಂಡು ನಿಂತಿರ್ತಾರೆ ಕಣೆ. ತೆಗೆದ್ರೆ ನನ್ನ ಪಕ್ಕದಲ್ಲೇ ಹಾದು ಹೋಗ್ತಾರೆ, ನಾನೂ ಒಂದು ಬಾಗಿಲು ಅನ್ನೋ ಹಾಗೆ" ಎಂದು ಒಂದು ದಿನ ನಗುತ್ತಾ ಹೇಳಿದರು. ನಾನೂ ನಕ್ಕೆ. ಕೂಗಾಟ ತಪ್ಪಿತಲ್ಲ, ಒಳ್ಳೆಯದೇ ಆಯಿತು ಎಂದೆ. ಒಳ್ಳೆಯದೋ ಅಲ್ಲವೋ ನನಗೆ ಈಗಲೂ ತಿಳಿಯದು.

ಬೇರೆಯವರನ್ನು ಕೇಳಿ ಹೇಳೋಣವೆಂದರೆ ಅದು ಇನ್ನೂ ಗೋಜಲು. ಸಮೀಕ್ಷೆಯ ಮೊದಲ ತಿಂಗಳು ನಾನೂ ಮನೆಮನೆ ತಿರುಗಿದೆ. ಅವರವರ ಬಡಾವಣೆಗೆ ಅವರವರು ಹೋಗುವಂತಿಲ್ಲ, ಹಾಗಾಗಿ ನನಗೆ ಬೇರೆ ಕಡೆ ಹಾಕಿದ್ದರು. ಒಬ್ಬ ವಾಚ್ ರಿಪೇರಿಯ ಅಜ್ಜ ನೀರು, ರಸ್ತೆ, ಗಾಳಿ, ನೆಮ್ಮದಿ, ಎಲ್ಲಕ್ಕೂ ಹತ್ತಕ್ಕೆ ಹತ್ತು ಕೊಟ್ಟ. ಯಾಕಜ್ಜ ಎಂದರೆ, "ಕಮ್ಮಿ ಕೊಟ್ರೆ ಏನಾಯ್ತು ಅಂತ ಕೇಳೋಕೆ ಮತ್ತೆ ಬರ್ತೀರಿ. ಹತ್ತೇ ಬರ್ಕೊಂಡು ಹೊರಡಮ್ಮ" ಎಂದ. ಒಂಬತ್ತನೆಯ ಮಹಡಿಯ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತು, "ಮೊದ್ಲು ಈ ಕಿಟಕೀಲಿ ಗುಡ್ಡ ಕಾಣ್ತಿತ್ತು, ಈಗ ಎದುರುಮನೆಯೋರ ಅಡುಗೆಮನೆ ಕಾಣುತ್ತೆ. ಅವ್ರು ದಿನಾ ಏನು ಮಾಡ್ತಾರೆ ಅಂತ ಗೊತ್ತು, ಹೆಸರು ಗೊತ್ತಿಲ್ಲ. ಇದಕ್ಕೆ ಎಷ್ಟು ಕೊಡ್ಬೇಕು, ನೀವೇ ಹೇಳಿ" ಎಂದಳು. ನಾನು ಐದು ಎಂದು ಬರೆದುಕೊಂಡು ಬಂದೆ. ಗೊತ್ತಾಗದಿದ್ದಾಗಲೆಲ್ಲ ನಾನು ಐದು ಬರೆಯುತ್ತೇನೆ, ಯಾರಿಗೂ ಹೇಳಬೇಡ.

ಆದರೆ ನಿನ್ನ ಪ್ರಶ್ನೆ ಇದೆಯಲ್ಲ, ಅದು ನಮ್ಮ ಪಟ್ಟಿಯಲ್ಲೇ ಇದೆ. ಮೂವತ್ತೊಂದನೆಯದು. "ಕಷ್ಟ ಬಂದಾಗ ಈ ಊರಿನಲ್ಲಿ ನೀವು ಕರೆಯಬಹುದಾದವರು ಒಬ್ಬರಾದರೂ ಇದ್ದಾರೆಯೇ?" ಇದುವರೆಗೆ ಇದ್ದಾರೆ ಎಂದವರು ನೂರಕ್ಕೆ ತೊಂಬತ್ತನಾಲ್ಕು! ನಮ್ಮ ಮೇಲಧಿಕಾರಿಗೆ ನಾವು ಶೇಕಡಾ ಸಾಹೇಬರು ಎಂದು ಹೆಸರಿಟ್ಟಿದ್ದೇವೆ. ಹೆಂಡತಿಗೆ ಹುಷಾರಿಲ್ಲದಾಗ ಹೇಗಿದ್ದಾರೆಂದು ವಿಚಾರಿಸಿದರೆ "ಎಂಬತ್ತು ಪರ್ಸೆಂಟ್ ವಾಸಿ" ಎಂದ ಮಹಾನುಭಾವರು. ಅವರು ಈ ತೊಂಬತ್ತನಾಲ್ಕನ್ನು ಕಂಡು ಹಿಗ್ಗಿ ಹೀರೇಕಾಯಿಯಾಗಿದ್ದಾರೆ.

ಅದರಲ್ಲಿ ನನ್ನ ಪಾಲೂ ಇದೆ, ಜಂಬ ಎಂದುಕೊಂಡರೂ ಸರಿ. ಎರಡು ತಿಂಗಳಿಂದ ನನಗೆ ಆಫೀಸಿನಲ್ಲೇ ಕೂತು ತಾಳೆ ನೋಡುವ ಕೆಲಸ. ಅಂದರೆ ಒಂದು ಉತ್ತರಕ್ಕೂ ಇನ್ನೊಂದಕ್ಕೂ ಹೊಂದದಿದ್ದರೆ ತಿದ್ದುವುದು. ಐದು ವರ್ಷದ ಮಗುವಿಗೆ ಮದುವೆಯಾಗಿದೆ ಎಂದಿದ್ದರೆ ಬರೆದವರ ಕೈ ತಪ್ಪಿದೆ ಎಂದು ಗೊತ್ತಾಗುವುದಿಲ್ಲವೇ, ಹಾಗೆ. ಆರಂಭದಲ್ಲಿ ಮೂವತ್ತೊಂದಕ್ಕೆ "ಇಲ್ಲ" ಎಂದವರು ರಾಶಿ ಬಿದ್ದರು. ನೋಡಿದರೆ ಅವರ ಮನೆಗಳಲ್ಲಿ ಇಬ್ಬರು, ಮೂವರು, ಐವರು ದೊಡ್ಡವರಿದ್ದಾರೆ! ನಾನೇ ಸಾಹೇಬರ ಹತ್ತಿರ ಹೋಗಿ, "ಮನೇಲೇ ಗಂಡ ಹೆಂಡ್ತಿ ಇರೋವಾಗ ಕರೆಯೋಕೆ ಯಾರೂ ಇಲ್ಲ ಅಂದ್ರೆ ಏನರ್ಥ ಸಾರ್? ಅವಸರದಲ್ಲಿ ಗುರುತು ತಪ್ಪಾಗಿ ಹಾಕಿದಾರೆ" ಎಂದೆ. ಸಾಹೇಬರು ಭೇಷ್ ಎಂದರು. ಮಾರನೆಯ ದಿನವೇ ಅದು ನಿಯಮವಾಯಿತು. ಮನೆಯಲ್ಲಿ ಇಬ್ಬರೋ ಹೆಚ್ಚೋ ದೊಡ್ಡವರಿದ್ದರೆ "ಇಲ್ಲ" ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು, "ಹೌದು" ಮಾಡಿ, ಪಕ್ಕದಲ್ಲಿ ಸಹಿ ಹಾಕುವುದು. ನನ್ನ ಹೆಸರಿನಲ್ಲಿ ಒಂದು ನಿಯಮ, ನೋಡು!

ಹಾಗಾಗಿ ಬಾ ಎನ್ನುತ್ತೇನೆ. ನೂರು ಬಾಗಿಲು ತಟ್ಟಿದರೆ ತೊಂಬತ್ತನಾಲ್ಕು ಕಡೆ ಯಾರಾದರೂ ಇದ್ದೇ ಇರುತ್ತಾರಲ್ಲವೇ? ಅಥವಾ ಆ ಲೆಕ್ಕ ಹಾಗಲ್ಲವೋ ಏನೋ. ಶಾಲೆಗಳು ಚೆನ್ನಾಗಿವೆ. ನಿನಗೆ ಕೆಲಸದಲ್ಲಿ ಮೇಲೆ ಹೋಗಲು ದಾರಿಯಿದೆ. ಒಂದೂವರೆ ಗಂಟೆಯಾದರೇನು, ನಾನು ಬರುತ್ತೇನೆ. ಬಂದು ಸೇರುವಷ್ಟರಲ್ಲಿ ಜ್ವರ ಇಳಿದಿರುತ್ತದೆ ಎಂದು ನೀನು ನಗುತ್ತೀ, ನಗು.

ಮಗುವಿಗೆ ನನ್ನ ಮುತ್ತು. ಹಡಗಿನಲ್ಲಿರುವ ನಿನ್ನ ಯಜಮಾನರು ಸುಖವಾಗಿ ಬರಲಿ. ನೀನು ಎಲ್ಲಿದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ, ಒಳ್ಳೆಯದಾಗಲಿ.

ಇಂತಿ
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ ಪುಟ್ಟಿ, ಬರೆಯಲು ಧೈರ್ಯ ಬಂದಿರಲಿಲ್ಲ. ಮೇಲಿನ ತೊಂಬತ್ತನಾಲ್ಕನ್ನು ನಂಬಬೇಡ. ಮೊನ್ನೆ ಮಂಗಳವಾರ ಸಮೀಕ್ಷೆ ಕಾಗದಗಳ ಉಳಿದಿದ್ದ ಕಡೆಯ ಕಟ್ಟು ನೋಡುತ್ತಿದ್ದೆ. ಒಂದು ಕಾಗದದಲ್ಲಿ ದೊಡ್ಡವರು ಇಬ್ಬರು, ಮೂವತ್ತೊಂದಕ್ಕೆ "ಇಲ್ಲ". ಎಂದಿನಂತೆ ಹೊಡೆದು ಸಹಿ ಹಾಕಿದೆ. ಮೊಹರು ಒತ್ತಲು ಮೊದಲ ಪುಟಕ್ಕೆ ತಿರುಗಿಸಿದಾಗ ಮನೆ ನಂಬರು ಕಾಣಿಸಿತು. ನಮ್ಮದು. ಗಂಡಸು, ಐವತ್ತಮೂರು ವರ್ಷ, ಲಿಫ್ಟ್ ರಿಪೇರಿ.

ಕೈ ತಪ್ಪಿರಬೇಕು ಎಂದು ನನಗೂ ಅನ್ನಿಸಿತು. ಆದರೆ ಪ್ರಶ್ನೆ ಕೇಳಲು ಹೋಗಿದ್ದ ಹುಡುಗಿ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದಳು: "ಮತ್ತೊಮ್ಮೆ ಕೇಳಿದೆ. ಇಲ್ಲ ಎಂದರು."

ಸಂಜೆ ಇವರು ತರಕಾರಿ ಹೆಚ್ಚುತ್ತಾ ಕೂತಿದ್ದಾಗ, "ನಮ್ಮ ಸಮೀಕ್ಷೆಯೋರು ಬಂದಿದ್ರಾ?" ಎಂದೆ. "ಹೂಂ, ಬಂದಿದ್ರು. ಎಲ್ಲಾ ಚೆನ್ನಾಗಿದೆ ಅಂತ ಬರೆಸ್ದೆ. ನಿನ್ನ ಆಫೀಸಿನ ಕೆಲ್ಸ ಅಲ್ವಾ" ಎಂದು ಚಾಕು ತೊಳೆಯಲು ಎದ್ದರು. ನಾನು ಹೆಚ್ಚಿದ ತರಕಾರಿ ಎತ್ತಿಕೊಂಡು ಒಲೆಯ ಕಡೆ ಹೋದೆ. ನಾವು ಜಗಳವಾಡಿಲ್ಲ ಪುಟ್ಟಿ. ಮಾತು ಬಿಟ್ಟಿಲ್ಲ. ನನ್ನನ್ನು ಯಾರಾದರೂ ಆ ಪ್ರಶ್ನೆ ಕೇಳಿದ್ದರೆ ಉಸಿರು ತೆಗೆಯುವ ಮೊದಲೇ ಇವರ ಹೆಸರು ಹೇಳುತ್ತಿದ್ದೆ. ನಿನ್ನ ಹತ್ತಿರ ಏನಾದರೂ ಹೇಳಿಕೊಂಡಿದ್ದಾರಾ? ಇವರಿಗೆ ಯಾವಾಗ ಏನು ಕಷ್ಟ ಬಂದಿತ್ತು? ಆಗ ನಾನು ಎಲ್ಲಿದ್ದೆ?

ನಾಳೆ ಕಟ್ಟು ಸಾಹೇಬರ ಮೇಜಿಗೆ ಹೋಗಬೇಕು. ಸುಳ್ಳು ಹೋಗಬಾರದು ಎಂದರೆ ಹೊಡೆದದ್ದನ್ನು ಮತ್ತೆ ಹೊಡೆದು ಮೊದಲಿನಂತೆ ಮಾಡಬೇಕು, ಅದಕ್ಕೂ ಪಕ್ಕದಲ್ಲಿ ನನ್ನದೇ ಸಹಿ ಬೇಕು. ನನ್ನ ಗಂಡನಿಗೆ ಕಷ್ಟದಲ್ಲಿ ಕರೆಯಲು ಯಾರೂ ಇಲ್ಲ ಎಂದು ನಾನೇ ರುಜು ಮಾಡಿ ಕೊಡಬೇಕು. ಇವರ ಸಮೀಕ್ಷೆ ಕಾಗದ ಎದುರಿಗೇ ಇದೆ. ಏನು ಮಾಡಲಿ, ನೀನಾದರೂ ಹೇಳು.