ಜಿನ್ ಓಣಿಯ ಅರ್ಜಿ

ರಾಯಚೂರು
ರವಿವಾರ, ೮–೯–೧೯೪೬

ತಾಯಣ್ಣನಿಗೆ,

ಇಲ್ಲ ಅಣ್ಣಾ, ಅದು ಸುಳ್ಳು ಅರ್ಜಿಯಲ್ಲ. ಬರೆದವನು ನಾನೇ, ನನ್ನ ಅಕ್ಷರವನ್ನು ನೀನು ಗುರುತು ಹಿಡಿದದ್ದು ಸರಿ. ಆದರೆ ಅತ್ತಿಗೆಯ ಹೆಸರನ್ನು ನಾನು ಬರೆಯಲಿಲ್ಲ. ಕಚೇರಿ ನೌಕರರ ಮನೆಯ ಹೆಂಗಸರು ರೇಷನ್ ಡಿಪೋದ ಅಗ್ಗದ ಜೋಳ ತಂದು ಜಿನ್ ಓಣಿಯಲ್ಲಿ ಮಾರುತ್ತಾರೆ, ಸರಕಾರ ಗಮನಿಸಬೇಕು ಎಂದಷ್ಟೇ ಬರೆದೆ. ಡಿಪೋದವರು ನಾಲ್ಕು ದಿನ ಕಾವಲು ಕೂತು ಗೋಪಮ್ಮ ಅತ್ತಿಗೆಯನ್ನೇ ಗಂಟಿನ ಸಮೇತ ಹಿಡಿಯುತ್ತಾರೆ, ನಿನ್ನ ಕಾರ್ಡು ಕಿತ್ತುಕೊಂಡು ನಿನ್ನನ್ನು ದೇವದುರ್ಗಕ್ಕೆ ಎತ್ತಿ ಹಾಕುತ್ತಾರೆ ಎಂದು ನನಗೇನು ಕನಸು ಬಿದ್ದಿತ್ತೇ?

ನಿನ್ನ ಪತ್ರ ಬಂದು ಹನ್ನೆರಡು ದಿನವಾಯಿತು. ತಡವಾಯಿತೆಂದು ಸಿಟ್ಟಾಗಬೇಡ, ಮೂರು ಸಲ ಬರೆದು ಹರಿದೆ. ನಿನ್ನ ಹೊಸ ಮನೆ ಸೋರುತ್ತದೆ ಎಂದು ಓದಿ ಸಂಕಟವಾಯಿತು. ಇಲ್ಲಿ ಮಾನಮ್ಮನೂ ಮಗುವೂ ಇದ್ದ ಹಾಗೆ ಇದ್ದಾರೆ.

ಹತ್ತಿ ಬಿಡಿಸುವ ಜಿನ್ನಿಗೆ ಬೀಗ ಬಿದ್ದು ಐದು ತಿಂಗಳು. ಲಡಾಯಿ ಮುಗಿಯಿತು, ಹತ್ತಿ ಕೇಳುವವರಿಲ್ಲ ಎಂದು ಸಾವುಕಾರ ಹೇಳಿ ಕಳಿಸಿದ. ಹತ್ತನೆಯ ತನಕ ಓದಿದ್ದೇನೆಂದು ನನ್ನನ್ನು ತೂಕದ ಚೀಟಿ ಬರೆಯಲು ಕೂಡಿಸಿದ್ದರು. ಈಗ ಹಮಾಲನಿಗೂ ನನಗೂ ಒಂದೇ ಕೆಲಸ, ಸ್ಟೇಷನ್ ಕಟ್ಟೆಯ ಮೇಲೆ ಕೂರುವುದು. ಅದೂ ನನ್ನಿಂದ ಆಗುವುದಿಲ್ಲ. ಹೋದ ವಾರ ಲಾರಿ ಹತ್ತಿ ಮಾನ್ವಿಗೆ ಹೋದೆ, ಅಲ್ಲಿಂದ ಪೋತ್ನಾಳಕ್ಕೆ ನಡೆದೆ, ಅಂಗಡಿ ಅಂಗಡಿ ಕೇಳಿದೆ. ಕೆಲಸ ಇಲ್ಲ ಎನ್ನುವುದನ್ನು ಎಷ್ಟು ಮರ್ಯಾದೆಯಿಂದ ಹೇಳುತ್ತಾರೆ ಆ ಜನ!

ಅರ್ಜಿ ಯಾಕೆ ಬರೆದೆ ಎಂದು ಕೇಳಿದ್ದೀ. ಡಿಪೋದ ಮುಂದೆ ಕಚೇರಿಯವರದು ಒಂದು ಸಾಲು, ಜಿನ್ನಿನವರದು ಒಂದು. ಮೊದಲು ನಿಮ್ಮದು. ನಮ್ಮ ಪಾಳಿ ಬರುವಷ್ಟರಲ್ಲಿ ಜೋಳ ಮುಗಿದಿರುತ್ತಿತ್ತು. ಒಂದು ದಿನ ಅಬ್ದುಲ್ ವಹೀದ್, ನಮ್ಮ ಜಿನ್ನಿನ ಫಿಟ್ಟರ್, ಗಟ್ಟಿಯಾಗಿಯೇ ಅಂದ: “ಸರಕಾರದ ಅಳಿಯಂದ್ರು ಬಂದ್ರಪಾ, ದಾರಿ ಬಿಡ್ರಿ.”

ನಿಮ್ಮ ಕಚೇರಿಯ ಜವಾನನೊಬ್ಬ ತಿರುಗಿ ನಿಂತ. “ಜಿನ್ನು ಬಂದ್ ಮಾಡಿದಾಂವ ನಿಮ್ಮ ಸಾವುಕಾರ. ಅವನ ಮನಿ ಮುಂದ ಹೋಗಿ ನಿಲ್ರಿ. ನಮ್ಮ ಹೊಟ್ಟಿ ಮ್ಯಾಲ ಯಾಕ ಕಣ್ಣು?”

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಸಾವುಕಾರ ಮುಂಬಯಿಯಲ್ಲಿದ್ದ. ನೀವು ಕಣ್ಣೆದುರಿಗೆ ಇದ್ದಿರಿ. ಗಂಟು ಹೊತ್ತು ಓಣಿಗೆ ಬರುವ ಹೆಂಗಸನ್ನು ಇಬ್ಬರು ಮೂವರು ನೋಡಿದ್ದರು, ಸೆರಗು ಮುಚ್ಚಿದ ಮುಖ, ಯಾರೆಂದು ತಿಳಿದಿರಲಿಲ್ಲ. ಕಚೇರಿ ಸಾಲಿನವಳು ಮಾರಲು ಬರುತ್ತಾಳೆ ಎಂದು ಓಣಿಯೆಲ್ಲ ಮಾತು. ಆ ಸಂಜೆಯೇ ಬರೆದೆ, ಉರ್ದುವಿನಲ್ಲಿ, ಚೆನ್ನಾಗಿಯೇ ಬರೆದೆ. ಅರವತ್ತು ಮನೆಯವರು ಹೆಬ್ಬೆಟ್ಟು ಒತ್ತಿದರು.

ಬರುವ ಗುರುವಾರ ನಿನ್ನ ಮೇಲೆ ನಡೆಯುವ ವಿಚಾರಣೆಯಲ್ಲಿ, ಹಸಿದ ಸಿಟ್ಟಿನಲ್ಲಿ ಸುಳ್ಳು ಬರೆದೆ ಎಂದು ಹೇಳಿಬಿಡು, ನನ್ನ ನೌಕರಿ ಉಳಿಯುತ್ತದೆ ಎಂದು ಬೇಡಿಕೊಂಡಿದ್ದೀ. ಅಣ್ಣಾ, ಆ ಅರ್ಜಿಯಿಂದಲೇ ಈಗ ಡಿಪೋದಲ್ಲಿ ಶನಿವಾರ ಪೂರ್ತಿ ನಮ್ಮ ಸಾಲಿಗೆ ಸಿಕ್ಕಿದೆ. ಸುಳ್ಳು ಎಂದರೆ ಆ ದಿನವೂ ಹೋಗುತ್ತದೆ. ಗಂಡನಿಲ್ಲದ ಮುನ್ನೀ ಬೀ ನಿನ್ನೆ ಸೇರು ಜೋಳ ಮಡಿಲಲ್ಲಿ ಹಾಕಿಕೊಂಡು, ನೂರು ವರ್ಷ ಬಾಳು ಎಂದು ನನಗೆ ಹರಸಿದಳು. ಅವಳಿಗೆ ಏನು ಹೇಳಲಿ? ಮಾರಿದ್ದರ ಮಾತಷ್ಟನ್ನೇ ಹಿಂದೆ ತೆಗೆದುಕೊಳ್ಳಬಹುದೇ ಎಂದು ಕಚೇರಿಗೆ ಹೋಗಿ ಕೇಳಿದೆ. ಗುಮಾಸ್ತ ನಕ್ಕ. “ಅರ್ಧ ಖರೆ, ಅರ್ಧ ಸುಳ್ಳು ಅನ್ನೂ ಕಾಗದ ಇರೂದಿಲ್ಲೋ ತಮ್ಮಾ.”

ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನನಗೆ ಅತ್ತಿಗೆಯ ಮೇಲೆ ಸಿಟ್ಟಿದೆ. ಸ್ವಂತ ಮೈದುನನ ಮನೆಗೆ ಒಂದು ಹಿಡಿ ಕೊಡದೆ ಓಣಿಯಲ್ಲಿ ಮಾರಿದಳಲ್ಲ. ಯಾರಿಗೆ ಮಾರಿದಳೆಂದು ಅವಳು ನಿನಗೂ ಬಾಯಿ ಬಿಟ್ಟಿಲ್ಲವೆಂದು ನೀನೇ ಬರೆದಿದ್ದೀ.

ಬೂದೆಮ್ಮನಿಗೆ ಚಿಕ್ಕಪ್ಪನ ಆಶೀರ್ವಾದ. ಹೊಸ ಊರು, ಹೊಳೆಯ ಕಡೆ ಒಬ್ಬಳನ್ನೇ ಬಿಡಬೇಡಿ. ನೀನು ಸಿಟ್ಟಾದರೂ ಸರಿ, ನನ್ನ ತಲೆಯ ಮೇಲಿನ ಕೈ ತೆಗೆಯಬೇಡ.

ನಿನ್ನ ತಮ್ಮ
ಹಂಪಯ್ಯ

ತಾ.ಕ.: ಲಕೋಟೆ ಅಂಟಿಸುವ ಮೊದಲು ಮಾನಮ್ಮನಿಗೆ ಇದನ್ನು ಓದಿ ಹೇಳಿದೆ. ಅತ್ತಿಗೆಯ ಮಾತು ಬಂದಲ್ಲಿ ಒಲೆಯ ಮುಂದಿನಿಂದ ಎದ್ದು ಬಂದಳು. “ಅಕ್ಕ ಮಾರಿಲ್ಲ. ಆ ಗಂಟು ನಮ್ಮ ಮನಿಗೇ ಬರ್ತಿತ್ತು,” ಅಂದಳು.

ಮೂರು ತಿಂಗಳು, ವಾರಕ್ಕೊಮ್ಮೆ, ನಾನು ಹೊರಗೆ ಅಲೆಯುವ ಹೊತ್ತಿನಲ್ಲಿ. ಕಚೇರಿಯವರ ಎಂಜಲು ಬೇಡವೆಂದು ನಾನು ಒಮ್ಮೆ ಚೀಲ ತಿರುಗಿ ಕಳಿಸಿದ್ದೆನಲ್ಲ, ಅದಕ್ಕೇ ಇಬ್ಬರೂ ಕೂಡಿ ನನ್ನಿಂದ ಮುಚ್ಚಿಟ್ಟರು. ಬೀಸಿದ್ದಕ್ಕೆ ಕೊಟ್ಟ ಕೂಲಿ ಎಂದು ಇವಳು ಹೇಳಿದಳು, ನಾನು ಉಂಡೆ. ಹಿಡಿದ ದಿನ ಅತ್ತಿಗೆ ಸುಮ್ಮನಿದ್ದದ್ದು ನಮ್ಮ ಕಾರ್ಡು ಉಳಿಯಲಿ ಎಂದು. ಅರ್ಜಿ ಬರೆಯಲು ಕೂತಾಗಲೂ ಅದೇ ಜೋಳದ ರೊಟ್ಟಿ ಉಂಡು ಕೂತಿದ್ದೆ ಅಣ್ಣಾ.

ಗುರುವಾರ ಇದನ್ನು ಹೇಳಿದರೆ ನಿನ್ನ ಮೇಲಿನ ತಪ್ಪು ಪೂರ್ತಿ ಅಳಿಯುವುದಿಲ್ಲ, ಕಾರ್ಡಿನ ಕಾಳು ಬೇರೆ ಮನೆಗೆ ಕೊಟ್ಟದ್ದೂ ತಪ್ಪೇ ಅನ್ನುತ್ತಾರೆ. ಓಣಿಯ ಶನಿವಾರವಂತೂ ಹೋಗುತ್ತದೆ, ನಮ್ಮ ಕಾರ್ಡೂ. ಹೇಳದಿದ್ದರೆ ಅತ್ತಿಗೆ ಕಳ್ಳಿಯಾಗಿಯೇ ಉಳಿಯುತ್ತಾಳೆ. ಏನು ಮಾಡಲಿ, ತಿಳಿಯದು.

ವಹೀದ್ ಹೊರಗೆ ನಿಂತು ಕರೆಯುತ್ತಿದ್ದಾನೆ. ವಿಚಾರಣೆಯಲ್ಲಿ ನಾನು ಏನು ಹೇಳಬೇಕೆಂದು ಕಲಿಸಲು ಓಣಿಯವರೆಲ್ಲ ಕೂಡಿದ್ದಾರಂತೆ. “ಅವರ ಮುಂದ ಬಾಯಿ ಬಿಡಬ್ಯಾಡ್ರಿ, ಇದೇ ಓಣ್ಯಾಗ ಬಾಳೇವು ಮಾಡಬೇಕು,” ಎಂದು ಮಾನಮ್ಮ ನನ್ನ ತೋಳು ಹಿಡಿದಿದ್ದಾಳೆ. ಬಿಡಿಸಿಕೊಂಡು, ಈ ಕಾಗದ ಜೇಬಿಗೆ ಹಾಕಿ, ಬಾಗಿಲು ಮುಂದೆ ಮಾಡಿ ಹೊರಡುತ್ತೇನೆ.