ನಲವತ್ತೊಂದನೆಯ ಪ್ರಯತ್ನ

ಗ್ರಂಥಾಲಯ, ಹಿಂದಿನ ಕೋಣೆ
ಗುರುವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ ಎರಡೂವರೆ

ಪ್ರೀತಿಯ ಇವರಿಗೆ,

ಹೆಸರು ಹಿಡಿದು ಬರೆಯೋಣವೆಂದು ಎರಡು ಸಲ ಹೊರಟೆ, ಆಗಲಿಲ್ಲ. ಹನ್ನೊಂದು ವರ್ಷದಿಂದ ಎಲ್ಲರ ಮುಂದೆ ‘ಇವರು’, ‘ಇವರು’ ಅಂದೂ ಅಂದೂ ನನ್ನ ಪೆನ್ನಿಗೂ ಅದೇ ರೂಢಿಯಾಗಿದೆ. ಹೇಗಿದ್ದೀರಿ? ಕೆಮ್ಮು ಬಿಟ್ಟಿತೇ? ಆ ದ್ವೀಪದಲ್ಲಿ ಕಿವಿ ಮುಚ್ಚಿಕೊಂಡು ಓಡಾಡುತ್ತೀರೋ, ಇಲ್ಲ ಗಾಳಿಯ ವೇಗ ಅಳೆಯುವವನಿಗೆ ಗಾಳಿ ಏನು ಮಾಡೀತು ಎಂದು ಜಂಭ ಕೊಚ್ಚುತ್ತೀರೋ? ಅತ್ತೆಯವರ ಮೊಣಕಾಲು ಪರವಾಗಿಲ್ಲ, ಈಗ ಗೋಡೆ ಹಿಡಿಯದೆ ಮೆಟ್ಟಿಲು ಇಳಿಯುತ್ತಾರೆ. ನಾನೂ ಚೆನ್ನಾಗಿದ್ದೇನೆ ಎಂದೇ ಬರೆಯಬೇಕು, ಆದರೆ ಇವತ್ತು ಕಾಲು ಸುಟ್ಟ ಬೆಕ್ಕಿನ ಹಾಗಾಗಿದ್ದೇನೆ. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದು ಬಾಗಿಲ ತನಕ ಹೋಗಿ ಬಂದೆ. ಯಾರಿಗಾಗಿ ಕಾಯುತ್ತಿದ್ದೇನೆ ಎಂದು ಆಮೇಲೆ ಹೇಳುತ್ತೇನೆ.

ಇದನ್ನು ನಿಮ್ಮ ಹವಾಮಾನ ಕೇಂದ್ರದ ಇಮೇಲ್‌ಗೆ ಕಳಿಸಬಹುದಿತ್ತು. ಆದರೆ ಒಂಬತ್ತು ಜನಕ್ಕೂ ಅಲ್ಲಿ ಒಂದೇ ಪೆಟ್ಟಿಗೆ. ಹೋದ ತಿಂಗಳು ನಿಮ್ಮ ಹೊಟ್ಟೆನೋವಿನ ವಿಚಾರ ಕೇಳಿದ್ದಕ್ಕೆ ನಿಮ್ಮ ಅಡಿಗೆಯವರು ಉತ್ತರ ಬರೆದಿದ್ದರು, ‘ಈಗ ಸರಿಹೋಗಿದೆ ಅಕ್ಕಾ, ಕಾಳು ಕಮ್ಮಿ ಮಾಡಿದ್ದೀನಿ’ ಎಂದು. ಈ ಸಲದ ಮಾತು ಅವರಿಗೆ ಬೇಡ. ನಾಳೆ ಬೆಳಗಿನ ದೋಣಿಗೆ ಅಂಚೆಚೀಲವನ್ನು ಇವತ್ತು ಐದಕ್ಕೇ ಕಟ್ಟುತ್ತಾರಂತೆ, ಈ ಸಲ ತಪ್ಪಿದರೆ ಇನ್ನೊಂದು ತಿಂಗಳು.

ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ. ನಿಮ್ಮ ಮೇಲಿನ ಶೆಲ್ಫಿನ ಲ್ಯಾಪ್‌ಟಾಪ್ ಸಿಕ್ಕಿತು.

ಉಣ್ಣೆ ಕಾಲುಚೀಲ ಮೇಲಿನ ಶೆಲ್ಫಿನಲ್ಲಿವೆ, ಕಳಿಸು ಎಂದು ಬರೆದವರು ನೀವೇ. ಬಚ್ಚಿಟ್ಟವರು ಅಲ್ಲಿಗೇ ದಾರಿ ತೋರಿಸುತ್ತಾರೇನ್ರೀ? ಹೋದ ಶುಕ್ರವಾರ ಸ್ಟೂಲು ಹಾಕಿಕೊಂಡು ಹತ್ತಿದೆ. ಕಾಲುಚೀಲದ ಗಂಟಿನ ಹಿಂದೆ ನನ್ನ ಹಳೇ ನೀಲಿ ಸ್ವೆಟರು, ಅದರೊಳಗೆ ಆ ಚಿಕ್ಕ ಲ್ಯಾಪ್‌ಟಾಪು. ತೆರೆದೆ. ಪಾಸ್‌ವರ್ಡ್ ಕೇಳಿತು. ಊರಿಗೆಲ್ಲ ಪಾಸ್‌ವರ್ಡಿನ ಪಾಠ ಹೇಳುವ ನೀವು ನನ್ನ ಹುಟ್ಟಿದ ದಿನ ಇಟ್ಟಿದ್ದಿರಿ. ಒಳಗೆ ನೋಡಿದರೆ ವಿಂಡೋಸ್!

ಎದೆ ಧಸಕ್ಕೆಂದಿತು ಎಂದರೆ ನಗಬೇಡಿ. ಬೇರೆ ಹೆಂಡತಿಯರಿಗೆ ಗಂಡನ ಜೇಬಿನಲ್ಲಿ ಇನ್ಯಾರದೋ ಫೋಟೋ ಸಿಕ್ಕರೆ ಏನಾಗುತ್ತದೋ ನನಗೆ ಅದೇ ಆಯಿತು. ಮದುವೆಯಾದ ಮೂರನೇ ದಿನ ನನ್ನ ತವರಿನಿಂದ ತಂದ ಕಂಪ್ಯೂಟರಿನ ವಿಂಡೋಸ್ ಅಳಿಸಿ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಲಿನಕ್ಸ್ ಹಾಕಿ, ‘ಇನ್ನು ಈ ಮನೆಯೊಳಗೆ ಬೀಗ ಹಾಕಿದ ತಂತ್ರಾಂಶ ಕಾಲಿಡಕೂಡದು’ ಎಂದವರು ನೀವು. ಬಂದ ನೆಂಟರ ಮುಂದೆಲ್ಲ ಅದೇ ಭಾಷಣ. ನನ್ನ ಅಣ್ಣ ನಿಮ್ಮ ಕಾಟಕ್ಕೆ ಹೆದರಿ ತನ್ನ ಲ್ಯಾಪ್‌ಟಾಪನ್ನು ಕಾರಿನಲ್ಲೇ ಬಿಟ್ಟು ಬರುತ್ತಿದ್ದ. ನಮ್ಮ ಭಾನುವಾರದ ಲಿನಕ್ಸ್ ಕೂಟದ ನಿಯಮದ ಪುಸ್ತಕದ ಮೊದಲ ಪುಟದಲ್ಲಿ ನಿಮ್ಮದೇ ದುಂಡು ಅಕ್ಷರದಲ್ಲಿ ಇದೆಯಲ್ಲ, ‘ಮಾಲೀಕನಷ್ಟೇ ಬಿಚ್ಚಬಲ್ಲ ತಂತ್ರಾಂಶವನ್ನು ಮನೆಯಲ್ಲಿ ಇಟ್ಟುಕೊಂಡವರು ಈ ಕೂಟದಲ್ಲಿ ಹುದ್ದೆಯಲ್ಲಿರತಕ್ಕದ್ದಲ್ಲ.’ ಆ ವಾಕ್ಯವನ್ನೇ ಹಿಡಿದುಕೊಂಡು ಇಲ್ಲಿ ಒಂದು ತಿಂಗಳಿಂದ ಮಹಾಯುದ್ಧ ನಡೆಯುತ್ತಿದೆ.

ಅದನ್ನೂ ಹೇಳಿಬಿಡುತ್ತೇನೆ. ನೀವು ಹೋದಮೇಲೆ ಶನಿವಾರದ ಪಾಠವನ್ನು ನಮ್ಮ ಕಸೂತಿ ಅಕ್ಕ ನೋಡಿಕೊಳ್ಳುತ್ತಿದ್ದಾರೆ. ಹಿಡಿದ ಮೌಸನ್ನು ಎತ್ತಿ ಕಿವಿಗೆ ಇಟ್ಟುಕೊಳ್ಳುವಂಥ ಅಜ್ಜಂದಿರಿಗೂ ಲಿನಕ್ಸ್ ಕಲಿಸಿದ ಪುಣ್ಯಾತ್ಗಿತ್ತಿ. ಆದರೆ ಶಾಲೆಯ ಬ್ಯಾಡ್ಜು ಹೊಲಿಯುವ ಅವರ ಕಸೂತಿ ಯಂತ್ರ, ಅದನ್ನು ಮಾಡಿದ ಕಂಪನಿಯ ತಂತ್ರಾಂಶದ ಮಾತು ಬಿಟ್ಟು ಇನ್ನೊಬ್ಬರ ಮಾತು ಕೇಳುವುದಿಲ್ಲವಂತೆ. ಅದಕ್ಕಾಗಿ ಅವರ ಅಂಗಡಿಯಲ್ಲಿ ಒಂದು ವಿಂಡೋಸ್ ಇದೆ. ಇದನ್ನು ಕಂಡುಹಿಡಿದವರು ನಮ್ಮ ಗಣಿತದ ಮೀಸೆ ಮೇಷ್ಟ್ರು. ಮೊಮ್ಮಗಳ ಬ್ಯಾಡ್ಜು ತರಲು ಹೋದವರು ಬ್ಯಾಡ್ಜು ಬಿಟ್ಟು ಪರದೆ ನೋಡಿಕೊಂಡು ಬಂದರು.

ಅಲ್ಲಿಂದ ಶುರು. ನಿಮಗೆ ಗೊತ್ತೇ ಇದೆ, ಈ ಜನಕ್ಕೆ ಜಗಳವಾಡಲು ಕಾರಣವೂ ಬೇಡ. ಗ್ರಂಥಾಲಯದ ನಾಲ್ಕು ಕಂಪ್ಯೂಟರಿಗೆ ಯಾವ ಬಗೆಯ ಲಿನಕ್ಸ್ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಹೊಸದು ಬಂದ ದಿನವೇ ಹಾಕಬೇಕು ಎನ್ನುವವರು ಕಿಟಕಿಯ ಕಡೆ ಕೂರುತ್ತಾರೆ, ಎರಡು ವರ್ಷ ಹಳತಾದರೇ ಗಟ್ಟಿ ಎನ್ನುವವರು ಗೋಡೆಯ ಕಡೆ. ಒಬ್ಬರು ಕೊಟ್ಟ ಬಿಸ್ಕತ್ತನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಹೊರಗಿನಿಂದ ಬಂದವರು ನೋಡಿದರೆ ಇವರೆಲ್ಲ ಒಂದೇ ಪಕ್ಷದವರು ಎಂದು ನಂಬುವುದೇ ಇಲ್ಲ. ಕಸೂತಿ ಅಕ್ಕನ ವಿಷಯದಲ್ಲಿ ಮಾತ್ರ ಗೋಡೆ, ಕಿಟಕಿ ಎಲ್ಲ ಕಲಸಿಹೋಗಿ ಹೊಸದಾಗಿ ಎರಡು ಪಾಲಾದರು.

ಮೇಷ್ಟ್ರ ಮಾತು ಸುಳ್ಳೆಂದು ನಾನು ಹೇಳಲಾರೆ. ‘ಅಮ್ಮಾ, ಇಪ್ಪತ್ತು ವರ್ಷ ನೀವು ಬರೆದ ಹೂವು ಬಳ್ಳಿ ಎಲ್ಲ ಆ ಕಂಪನಿಯವರ ಪೆಟ್ಟಿಗೇಲಿದೆ, ಬೀಗದಕೈ ಅವರ ಹತ್ತಿರ. ನಾಳೆ ಅವರು ಬಾಗಿಲು ಹಾಕ್ಕೊಂಡು ಹೋದರೆ ನಿಮ್ಮ ಕೈಗೆಲಸವನ್ನ ನೀವೇ ನೋಡೋಕಾಗಲ್ಲವಲ್ಲ’ ಎಂದರು. ಕಸೂತಿ ಅಕ್ಕ ಕೈಯಲ್ಲಿದ್ದ ನೂಲು ಸುತ್ತುತ್ತಲೇ, ‘ಮೇಷ್ಟ್ರೇ, ನನ್ನ ಮಿಷಿನ್ನಿಗೆ ತತ್ವ ಗೊತ್ತಿಲ್ಲ, ನೂಲು ಗೊತ್ತು. ಸೋಮವಾರ ಮುನ್ನೂರು ಬ್ಯಾಡ್ಜು ಕೊಡಬೇಕು’ ಎಂದರು. ಇಬ್ಬರೂ ಸರಿ. ಅದೇ ಕಷ್ಟ.

ಹೋದ ಭಾನುವಾರ, ಅಕ್ಕನನ್ನು ಪಾಠದಿಂದ ಬಿಡಿಸಬೇಕೇ ಬೇಡವೇ ಎಂದು ಕೈ ಎತ್ತಿಸಿದರೆ ಐದಕ್ಕೆ ಐದು. ನೀವು ಬರುವ ತನಕ ಕಾರ್ಯದರ್ಶಿ ನಾನೇ ಎಂದು ನಿಮ್ಮ ಕೂಟ ನನ್ನ ತಲೆಗೆ ಕಟ್ಟಿದೆಯಲ್ಲ, ಕೊನೆಯ ಕೈ ನನ್ನದು. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ನನ್ನ ಮುಂದೆ ಆ ಪುಸ್ತಕ, ಅದರಲ್ಲಿ ನಿಮ್ಮ ದುಂಡು ಅಕ್ಷರ. ಎರಡು ದಿನದ ಹಿಂದಷ್ಟೇ ನಾನು ಸ್ಟೂಲು ಹತ್ತಿ ಇಳಿದಿದ್ದೆ.

ಈಗ ಶುಕ್ರವಾರಕ್ಕೆ ವಾಪಸು ಬರಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. (ಮತ್ತೆ ಎದ್ದು ಬಾಗಿಲು ನೋಡಿ ಬಂದೆ. ಮೂರೂಮುಕ್ಕಾಲು. ಪತ್ರಿಕೆ ಓದುವ ಮುದುಕಪ್ಪ, ‘ಏನಮ್ಮ, ಇವತ್ತು ಬಾಗಿಲು ನೀವೇ ಕಾಯ್ತಿದೀರಲ್ಲ’ ಅಂದರು.) ಆ ಲ್ಯಾಪ್‌ಟಾಪಿನಲ್ಲಿ ಆಟವಿಲ್ಲ, ಸಿನಿಮಾ ಇಲ್ಲ. ಇರುವುದು ಒಳಗೆ ಸಿಕ್ಕಿಸಿದ ಒಂದೇ ಒಂದು ಸಿ.ಡಿ. ಅದರ ಮೇಲೆ ಸ್ಕ್ಯಾನಿಂಗ್ ಸೆಂಟರಿನ ಚೀಟಿ, ನನ್ನ ಹೆಸರು, ನಾಲ್ಕು ವರ್ಷದ ಹಿಂದಿನ ತಾರೀಖು. ‘ಅದನ್ನ ಎಲ್ಲಾದರೂ ಎಸೆದುಬನ್ನಿ, ನನ್ನ ಕಣ್ಣಿಗೆ ಬೀಳಬಾರದು’ ಎಂದು ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ಸಂಜೆ ನಾನು ಹೇಳಿದ್ದೆ. ನೀವು ಚೀಲ ತೆಗೆದುಕೊಂಡು ಹೊರಗೆ ಹೋಗಿ ಬಂದು, ‘ಆಯಿತು’ ಎಂದಿದ್ದಿರಿ.

ಒತ್ತಿದೆ. ಅವರೇ ಸಿ.ಡಿ.ಯಲ್ಲಿ ಹಾಕಿಕೊಟ್ಟಿರುವ ತಂತ್ರಾಂಶ, ವಿಂಡೋಸಿನಲ್ಲಿ ಮಾತ್ರ ಬಿಚ್ಚಿಕೊಳ್ಳುತ್ತದೆ. ಹನ್ನೊಂದು ಸೆಕೆಂಡು. ಬೂದು ಬಣ್ಣ, ನಡುವೆ ಅವರೆಕಾಳಿನಷ್ಟು ಜಾಗ ಮಿಡಿಯುತ್ತದೆ. ಸದ್ದಿಲ್ಲ. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಎಷ್ಟು ಸಲ ನೋಡಿದೆನೋ ಗೊತ್ತಿಲ್ಲ. ಅತ್ತೆ ಬಂದು ನನ್ನ ಬೆನ್ನ ಹಿಂದೆ ನಿಂತು ನೋಡಿ, ಒಲೆ ಆರಿಸಿ ಹೋದರು.

ಅದರ ಪಕ್ಕದಲ್ಲೇ ನಿಮ್ಮ ಟಿಪ್ಪಣಿ. ಮೂರು ವರ್ಷದ ತಾರೀಖುಗಳು. ‘ಪ್ರಯತ್ನ 1: ಲಿನಕ್ಸಿನಲ್ಲಿ ತೆರೆಯುತ್ತಿಲ್ಲ. ಇದ್ದಬದ್ದ ತಂತ್ರಾಂಶವೆಲ್ಲ ನೋಡಿದೆ.’ ‘ಪ್ರಯತ್ನ 9: ಒಂದು ಚಿತ್ರ ಬಂತು, ತಲೆಕೆಳಗಾಗಿ.’ ‘ಪ್ರಯತ್ನ 26: ಪ್ರತಿ ಚಿತ್ರದ ಬಾಲಕ್ಕೆ ಏನೋ ಅಂಟಿಕೊಂಡಿದೆ.’ ‘ಪ್ರಯತ್ನ 41: ಬಾಲ ಕಸವಿರಬೇಕು. ಕತ್ತರಿಸಿದರೆ ಓಡುವುದಿಲ್ಲ, ಬಿಟ್ಟರೆ ಚಿತ್ರ ಹರಿದುಹೋಗುತ್ತದೆ. ಸಾಕಾಯಿತು.’ ಇದು ನೀವು ದ್ವೀಪಕ್ಕೆ ಹೊರಡುವ ಮುಂಚಿನ ಭಾನುವಾರದ್ದು. ಕೂಟದ ಹೊಸಬರಿಗೆ ‘ಗೊತ್ತಿಲ್ಲದಿದ್ದರೆ ಕೇಳಿ, ನಾಚಬೇಡಿ, ಇಲ್ಲಿ ಯಾರೂ ಒಬ್ಬರೇ ಅಲ್ಲ’ ಎನ್ನುವ ಮನುಷ್ಯ ನಲವತ್ತೊಂದು ಸಲ ಒಬ್ಬನೇ ಕೂತು ಒದ್ದಾಡಿದ್ದಾನೆ, ಪಕ್ಕದ ಕೋಣೆಯಲ್ಲಿ ನಾನಿದ್ದೆ.

ಸಿಟ್ಟು ಬಂದಿದೆ ನನಗೆ. ವಿಂಡೋಸ್ ಇಟ್ಟುಕೊಂಡಿದ್ದಕ್ಕಲ್ಲ, ಅದು ಹಾಳಾಗಿ ಹೋಗಲಿ. ಎಸೆಯದೆ ಇಟ್ಟಿದ್ದಕ್ಕೂ ಅಲ್ಲ. ನನಗೂ ಒಂದು ಸಲ ತೋರಿಸಬೇಕು ಅನ್ನಿಸಲಿಲ್ಲವಲ್ಲ, ಅದಕ್ಕೆ. ಆಮೇಲೆ ಯೋಚಿಸಿದರೆ ನಿಮ್ಮ ಬಾಯಿ ಕಟ್ಟಿದವಳು ನಾನೇ. ಆ ವಿಷಯ ಎತ್ತಿದಾಗಲೆಲ್ಲ ನಾನು ಪಾತ್ರೆ ತೊಳೆಯಲು ಏಳುತ್ತಿದ್ದೆ.

ಇನ್ನೊಂದೂ ಇದೆ, ನಾಲ್ಕು ವರ್ಷದಿಂದ ನಾಲಿಗೆ ತುದಿಯಲ್ಲೇ ಇಟ್ಟುಕೊಂಡಿದ್ದೇನೆ. ಆವತ್ತು ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರಮ್ಮ ಒಂದು ಗುಂಡಿ ಒತ್ತಿ, ಮಗುವಿನ ಎದೆಬಡಿತ ಕೇಳಿಸ್ಕೊಳ್ಳಮ್ಮ ಎಂದರು. ಓಡುವ ಸದ್ದು, ಪುಟ್ಟ ಕಾಲಿನಲ್ಲಿ ಯಾರೋ ದಡದಡ ಮೆಟ್ಟಿಲಿಳಿದ ಹಾಗೆ. ಇವರನ್ನು ಕರೆಯಿರಿ ಎಂದೆ. ಇವರು ಎಲ್ಲಿ? ಕೆಳಗೆ ಕೌಂಟರಿನಲ್ಲಿ, ನಿಂತುಹೋದ ಅವರ ಕಂಪ್ಯೂಟರನ್ನು ಸರಿಮಾಡಿಕೊಡುತ್ತಾ, ನೀವು ಲಿನಕ್ಸಿಗೆ ಯಾಕೆ ಬರಬಾರದು ಎಂದು ರಸೀದಿ ಹುಡುಗಿಗೆ ಭಾಷಣ ಮಾಡುತ್ತಾ ಇದ್ದಿರಿ. ಮೇಲೆ ಬರುವಷ್ಟರಲ್ಲಿ ನನ್ನ ಹೊಟ್ಟೆ ಒರೆಸಿ ಆಗಿತ್ತು. ‘ಮುಂದಿನ ಸಲ ಕೇಳಿದರಾಯ್ತು ಬಿಡು’ ಎಂದಿರಿ. ಮುಂದಿನ ಸಲ ಬರಲಿಲ್ಲ. ಅದಕ್ಕೆ ನಿಮ್ಮನ್ನು ನಾನು ಇಷ್ಟು ದಿನ ಕ್ಷಮಿಸಿರಲಿಲ್ಲ, ನಿಮಗೆ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಭಾನುವಾರ ಹೀಗಾಯಿತು. ಕೈ ಎತ್ತುವ ಬದಲು ನಾನು ಎದ್ದು ನಿಂತು, ‘ನಮ್ಮ ಮನೇಲೂ ಒಂದು ವಿಂಡೋಸ್ ಇದೆ. ಈ ನಿಯಮದ ಪ್ರಕಾರ ನಾನೂ ಇಲ್ಲಿ ಕೂರೋ ಹಾಗಿಲ್ಲ’ ಎಂದು ಪುಸ್ತಕ ಮುಚ್ಚಿ ಮೇಷ್ಟ್ರ ಕಡೆ ತಳ್ಳಿದೆ. ನಿಮ್ಮ ಹೆಸರು ಎತ್ತಲಿಲ್ಲ, ಹೆದರಬೇಡಿ. ಎಲ್ಲರೂ ಅದು ನನ್ನದೇ ಎಂದುಕೊಂಡಿದ್ದಾರೆ. ಕೊನೆಯ ಕೈ ಇಲ್ಲದೆ ತೀರ್ಮಾನವೂ ನಿಂತಿತು, ನೀವು ಬಂದಮೇಲೆ ನೋಡುತ್ತಾರಂತೆ. ಕಸೂತಿ ಅಕ್ಕ ಬ್ಯಾಡ್ಜಿನ ಗಂಟು ಹೊತ್ತುಕೊಂಡು ಹೋಗುವಾಗ ನನ್ನ ಭುಜ ಅದುಮಿದರು.

ಮಂಗಳವಾರ ಮೇಷ್ಟ್ರು ಗ್ರಂಥಾಲಯದಿಂದ ಒಯ್ದಿದ್ದ ಪುಸ್ತಕ ವಾಪಸು ಕೊಡುವ ನೆಪದಲ್ಲಿ ಬಂದರು. ಅದರ ಗಡುವಿಗೆ ಇನ್ನೂ ಎಂಟು ದಿನ ಬಾಕಿ ಇತ್ತು. ಮೀಸೆ ತಿರುವಿ ತಿರುವಿ ಕೊನೆಗೆ, ‘ನೀವು ಸುಮ್ಮನೆ ಅಂಥದ್ದನ್ನ ಇಟ್ಟುಕೊಳ್ಳೋರಲ್ಲ. ಲಿನಕ್ಸಿನಲ್ಲಿ ಏನು ತೆರೆಯಲ್ಲ ಹೇಳಿ’ ಎಂದರು. ನನಗೆ ಏನನ್ನಿಸಿತೋ, ಒಂದು ಸ್ಕ್ಯಾನು ಎಂದು ಹೇಳಿ, ಮಧ್ಯಾಹ್ನ ಮನೆಗೆ ಹೋಗಿ ಲ್ಯಾಪ್‌ಟಾಪನ್ನು ಸ್ವೆಟರಿನ ಸಮೇತ ತಂದು ಅವರ ಕೈಗೆ ಕೊಟ್ಟೆ. ಅವರು ಚೀಟಿಯ ಮೇಲಿನ ಹೆಸರು, ತಾರೀಖು ಓದಿದರು. ಗುರುವಾರ ಬರುತ್ತೇನೆ ಎಂದು ಹೋದರು.

ನೀವು ಸ್ವೆಟರಿನಲ್ಲಿ ಸುತ್ತಿಟ್ಟದ್ದನ್ನು ನಿಮ್ಮನ್ನು ಕೇಳದೆ ಮೂರನೆಯವರ ಕೈಗೆ ಕೊಟ್ಟೆ. ತಪ್ಪು ಮಾಡಿದೆನೇ? ನೀವು ಸಿಟ್ಟಾದರೆ ಆ ಸಿಟ್ಟು ಇಲ್ಲಿಗೆ ತಲುಪಲೂ ಒಂದು ತಿಂಗಳು ಬೇಕು, ಅಲ್ಲಿಯ ತನಕ ನಾನು ಏನು ಮಾಡಲಿ? ನಾಲ್ಕೂಕಾಲು ಆಯಿತು, ಮೇಷ್ಟ್ರ ಸುಳಿವಿಲ್ಲ. ನಾಲ್ಕೂವರೆಗೆ ಬೀಗ ಹಾಕಿ ಅಂಚೆ ಕಚೇರಿಗೆ ಓಡಬೇಕು. ಅವರಿಗೆ ತೆರೆಯಲಾಗದಿದ್ದರೂ ಚಿಂತೆಯಿಲ್ಲ, ನೀವು ಬಂದಮೇಲೆ ಇಬ್ಬರೂ ಕೂತು ಆ ವಿಂಡೋಸಿನಲ್ಲೇ ನೋಡೋಣ. ನಾನು ಪಾತ್ರೆ ತೊಳೆಯಲು ಏಳುವುದಿಲ್ಲ.

ಕಾಲುಚೀಲ ನಾಲ್ಕು ಜೊತೆ ಇಟ್ಟಿದ್ದೇನೆ, ಒದ್ದೆಯಾದದ್ದನ್ನೇ ಮತ್ತೆ ಹಾಕಿಕೊಳ್ಳಬೇಡಿ. ಅತ್ತೆ ನಿಮ್ಮ ತಲೆಯ ಮೇಲೆ ಕೈಯಿಟ್ಟಿದ್ದೇನೆ ಎಂದು ಬರೆ ಅಂದರು, ಬರೆದಿದ್ದೇನೆ. ಅಡಿಗೆಯವರಿಗೆ ನನ್ನ ನಮಸ್ಕಾರ.

ನಿಮ್ಮ
ಇವಳು

ತಾ.ಕ.: ಬೀಗ ಹಾಕುತ್ತಿದ್ದಾಗ ಮೇಷ್ಟ್ರು ಬಂದರು, ಓಡಿಕೊಂಡು, ಚಪ್ಪಲಿ ಒಂದು ಕೈಯಲ್ಲಿ. ಇದನ್ನು ಅಂಚೆ ಕಚೇರಿಯ ಕಟ್ಟೆಯ ಮೇಲೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದಿ. ಲಿನಕ್ಸಿನಲ್ಲಿ ತೆರೆಯಿತು. ನಿಮ್ಮ ನಲವತ್ತೊಂದನ್ನೂ ಓದಿಕೊಂಡು ನಲವತ್ತೆರಡನೆಯದು ಮಾಡಿದರಂತೆ, ನಿಮ್ಮ ಕೆಲಸ ಇಲ್ಲದಿದ್ದರೆ ತಮ್ಮಿಂದ ಆಗುತ್ತಿರಲಿಲ್ಲ ಎಂದು ಹೇಳಬೇಕಂತೆ. ನಿಯಮ ಮಾತ್ರ ನಿಯಮವೇ, ಅದನ್ನು ಬಂದಮೇಲೆ ಮಾತಾಡೋಣ ಅಂತಲೂ ಹೇಳಬೇಕಂತೆ. ಬಾಲಕ್ಕೆ ಅಂಟಿದ್ದು ಕಸವಲ್ಲ ರೀ. ಅದು ಸದ್ದು. ಸಿ.ಡಿ.ಯ ಜೊತೆ ಕೊಟ್ಟ ತಂತ್ರಾಂಶಕ್ಕೆ ಚಿತ್ರ ತೋರಿಸುವುದಷ್ಟೇ ಗೊತ್ತಿತ್ತು. ಮೇಷ್ಟ್ರು ಎರಡು ಸೆಕೆಂಡು ಕೇಳಿ ನಿಲ್ಲಿಸಿದರಂತೆ, ‘ಮಿಕ್ಕಿದ್ದು ನನ್ನದಲ್ಲ’ ಎಂದರು. ನಾನೂ ಕೇಳಿಲ್ಲ, ನಾನು ಆವತ್ತೇ ಕೇಳಿದ್ದೇನೆ. ಕಂದು ಬಣ್ಣದ ಕಾಲುಚೀಲದ ಬೆರಳಿನ ಕಡೆ ಪೆನ್ ಡ್ರೈವ್ ಇದೆ. ಹನ್ನೊಂದೂ ಸೆಕೆಂಡು ಇದೆ. ಮೊದಲು ನೀವು ಕೇಳಿ. ಚೀಲ ಕಟ್ಟುತ್ತಿದ್ದಾರೆ.