ಹತ್ತಿಮತ್ತೂರಿನ ಭೂರಿ

ಅಕ್ಕಿಆಲೂರು
೨೦ ನವೆಂಬರ್ ೧೯೬೬

ಪ್ರೀತಿಯ ಗೌಹರ,

ನಿನಗೂ ನಿನ್ನ ಯಜಮಾನರಿಗೂ ಸಲಾಮು. ಪುಟ್ಟ ನಸೀರಾಳಿಗೆ ನನ್ನ ಮುತ್ತು. ಮೊಹರಮ್ಮಿನಲ್ಲಿ ನೀನು ಬರೆದ ಪತ್ರಕ್ಕೆ ಈಗ ಉತ್ತರ ಬರೆಯಲು ಕೂತಿದ್ದೇನೆ. ಸಾಲಿಯ ಕೆಲಸ, ಪರೀಕ್ಷೆ ಎಂದು ನೆಪ ಹೇಳಬಹುದಿತ್ತು, ಆದರೆ ನೀನು ನಂಬುವವಳಲ್ಲ. ಮೂರು ಸಲ ಬರೆದೆ, ಮೂರು ಸಲ ಹರಿದೆ.

ಇಲ್ಲಿ ಭತ್ತದ ಕೊಯ್ಲು ನಡೆದಿದೆ. ಸಾಲಿಯ ಹುಡುಗಿಯರಲ್ಲಿ ಅರ್ಧದಷ್ಟು ಮಂದಿ ಗದ್ದೆಯಲ್ಲೇ ಇರುತ್ತಾರೆ. ಉಳಿದವರಿಗೆ ನಾನು ಪಾಠ ಹೇಳಿದರೆ ಅಕ್ಕಿ ಗಿರಣಿಯ ಸಪ್ಪಳದಲ್ಲಿ ಕೇಳುವುದಿಲ್ಲ. ಒದರಿ ಒದರಿ ನನ್ನ ಗಂಟಲು ಕಟ್ಟಿದೆ.

ದೀಪಾವಳಿಗೆ ಹತ್ತಿಮತ್ತೂರಿಗೆ ಹೋಗಿದ್ದೆ. ಪಾಡ್ಯದ ಮರುದಿನ ಮುಂಜಾನೆ ಅಣ್ಣನಿಗೆ ಬುತ್ತಿ ಒಯ್ಯುವಾಗ ಹೊಲದ ಬದುವಿನ ಮೇಲೆ ಒಂದು ಪ್ರಾಣಿ ನಿಂತಿತ್ತು. ತೋಳದ ಉದ್ದ ಕಾಲು, ತೋಳದ ಬಾಲ. ಆದರೆ ಒಂದು ಕಿವಿ ನಾಯಿಯದರಂತೆ ಮಡಚಿಕೊಂಡಿತ್ತು. ಬರೀ ತೋಳವಾಗಿದ್ದರೆ ನನ್ನನ್ನು ಕಂಡೊಡನೆ ಮಾಯವಾಗುತ್ತಿತ್ತು. ಇದು ನಿಂತೇ ಇತ್ತು. ನನ್ನ ಮುಖ ನೋಡಿತು, ಬುತ್ತಿ ನೋಡಿತು, ಆಮೇಲೆ ಅವಸರವಿಲ್ಲದೆ ಹಳ್ಳದ ಕಡೆ ಇಳಿದು ಹೋಯಿತು. ಅಣ್ಣನಿಗೆ ಹೇಳಿದರೆ ಆಶ್ಚರ್ಯವನ್ನೇ ಪಡಲಿಲ್ಲ. ನಾಯಿ-ತೋಳ ಬೆರೆತ ಅಂಥವು ಇನ್ನೂ ಇವೆಯಂತೆ, ಹಗಲಲ್ಲೇ ಬಂದು ಬಣವಿಯ ಹಿಂದೆ ಮಲಗುತ್ತವೆಯಂತೆ.

ನಾನು ಅಲ್ಲೇ ಕುಳಿತುಬಿಟ್ಟೆ ಗೌಹರ. ಹದಿನೈದು ವರ್ಷಗಳ ಹಿಂದಿನ ನಿಮ್ಮ ಅಂಗಳ ಕಣ್ಣ ಮುಂದೆ ಬಂತು.

ನೆನಪಿದೆಯಾ, ನಿಮ್ಮ ಮನೆಯ ಹೆಣ್ಣುನಾಯಿ ಗುಡ್ಡದ ಕಡೆ ಹೋದದ್ದು ಎಷ್ಟೋ ದಿನ ಬರಲೇ ಇಲ್ಲ. ಬಂದಾಗ ಹೊಟ್ಟೆ ಜೋತಿತ್ತು. ನಿಮ್ಮಪ್ಪ ಜಮಾಲಸಾಬ ಕಾಕಾ ಹತ್ತಿ ಹಿಂಜುವ ಮೂಲೆಯಲ್ಲಿ, ಕಸದ ಹತ್ತಿಯ ಮೇಲೆಯೇ ಮೂರು ಮರಿ ಹಾಕಿತು. ಕಾಕಾ ಆ ಮೂಲೆಯನ್ನೇ ಬಿಟ್ಟುಕೊಟ್ಟು, ತಾವು ಬಿಲ್ಲು ತೆಗೆದುಕೊಂಡು ಹೊರಗೆ ಕಟ್ಟೆಯ ಮೇಲೆ ಹಿಂಜಲು ಕುಳಿತರು. ಅವರ ರೆಪ್ಪೆಯ ಮೇಲೆಲ್ಲ ಹತ್ತಿಯ ಎಳೆ. ಕುರಿ ಕಾಯುವ ಗುತ್ತೆಪ್ಪ ಬಂದು ಮರಿಗಳ ಬಾಯಿ ತೆರೆದು ನೋಡಿದ.

"ಸಾಬರ, ಇವು ಬರೇ ನಾಯಿ ಅಲ್ರಿ. ಅಪ್ಪ ತ್ವಾಳ ಐತಿ. ಈಗ ಮುದ್ದ ಕಾಣ್ತಾವ, ಆಮ್ಯಾಲ ನೋಡ್ರಿ."

ಮಳೆಗಾಲದಲ್ಲಿ ಎರಡು ಸತ್ತವು. ಉಳಿದದ್ದಕ್ಕೆ ಅದರ ಕಂದು ಬಣ್ಣ ನೋಡಿ ನೀನು ಭೂರಿ ಎಂದು ಹೆಸರಿಟ್ಟೆ. ಅದು ಬೊಗಳಲೇ ಇಲ್ಲ. ಚಳಿಗಾಲದಲ್ಲಿ ನಾವು ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನುವಾಗ ನಮ್ಮಿಬ್ಬರ ನಡುವೆ ಬಂದು ಕೂರುತ್ತಿತ್ತು, ಬಿಸಿ ಜೋಳದ ಕಾಳು ಬಾಯಿಗೆ ಹಾಕಿಕೊಂಡು ತಲೆ ಕೊಡವುತ್ತಿತ್ತು. ನೀನು ನಗುನಗುತ್ತಾ ಬೆಲ್ಲ ಕೊಡುತ್ತಿದ್ದೆ. ಅಷ್ಟು ಸುಖದ ದಿನಗಳು ನನಗೆ ಮತ್ತೆ ಬರಲಿಲ್ಲ.

ವರ್ಷ ತುಂಬುವಷ್ಟರಲ್ಲಿ ಅದು ಗುಡ್ಡ ಸೇರಿತು. ಆದರೆ ಊರು ಬಿಡಲಿಲ್ಲ. ಯಾವ ಹಿತ್ತಲ ಬಾಗಿಲು ಎಷ್ಟೊತ್ತಿಗೆ ತೆರೆದಿರುತ್ತದೆ, ಯಾರ ಮನೆಯಲ್ಲಿ ನಾಯಿ ಇಲ್ಲ, ಎಲ್ಲವೂ ಅದಕ್ಕೆ ಗೊತ್ತಿತ್ತು. ಗುತ್ತೆಪ್ಪನ ಕುರಿಮರಿಗಳು ಒಂದೊಂದಾಗಿ ಹೋದವು. ಜನ ಕಲ್ಲು ಎತ್ತಿದರೆ ಕಲ್ಲು ಮುಟ್ಟದಷ್ಟು ದೂರ ಸರಿದು ಕೂರುತ್ತಿತ್ತು. ನೀನು "ಭೂರೀ, ಆ... ಆ..." ಎಂದರೆ ಮಾತ್ರ ಹಳ್ಳ ದಾಟಿ ಬರುತ್ತಿತ್ತು. ನಿನ್ನದು, ಕಾಕಾನದು, ಎರಡೇ ದನಿ ಅದಕ್ಕೆ ಪರಿಚಯ.

ಆಮೇಲೆ ಹೊಲದ ಕೂಲಿಗೆ ಬರುತ್ತಿದ್ದ ತಿಪ್ಪವ್ವನ ಕೂಸಿನ ದಿನ. ಜೋಳದ ಕೊಯ್ಲು. ಆಕೆ ಜಾಲಿಯ ಮರಕ್ಕೆ ಜೋಲಿ ಕಟ್ಟಿ ಕೂಸು ಮಲಗಿಸಿ ಕೊಯ್ಯುತ್ತಿದ್ದಳು. ನಾವಿಬ್ಬರೂ ನೀರು ಹೊತ್ತು ಬರುತ್ತಿದ್ದೆವು. ನೋಡಿದರೆ ಜೋಲಿಯ ಕೆಳಗೆ ಭೂರಿ, ಮೂಗು ಬಟ್ಟೆಗೆ ತಾಗಿದೆ. ತಿಪ್ಪವ್ವನ ಕೈಯಿಂದ ಕುಡುಗೋಲು ಬಿತ್ತು. ನೀನು ಕೊಡ ಇಳಿಸಿದೆ. ಅದರತ್ತ ಓಡಲಿಲ್ಲ. ಪಕ್ಕಕ್ಕೆ ನಡೆಯುತ್ತಾ, ಮೆಲ್ಲಗೆ ಕರೆದೆ. ಭೂರಿ ಒಮ್ಮೆ ಜೋಲಿ ನೋಡಿತು, ಒಮ್ಮೆ ನಿನ್ನನ್ನು ನೋಡಿತು, ಆಮೇಲೆ ಕರುವಿನ ಹಾಗೆ ನಿನ್ನ ಹಿಂದೆ ಹಳ್ಳಕ್ಕೆ ನಡೆಯಿತು. ಕೂಸಿಗೆ ಎಚ್ಚರವೂ ಆಗಲಿಲ್ಲ.

ಮಧ್ಯಾಹ್ನ ಊರೆಲ್ಲ ನಿನ್ನನ್ನು ಹೊಗಳಿತು. ಸಂಜೆಯ ಹೊತ್ತಿಗೆ ಅದೇ ಜನ ಹೆದರಿ ನಮ್ಮ ಕಟ್ಟೆಗೆ ಬಂದರು. ಊರ ಗೌಡರಾಗಿದ್ದ ನಮ್ಮಪ್ಪ, ಭೂರಿಯನ್ನು ಬಂದೂಕಿನಿಂದ ಹೊಡೆಯದೆ ಬೇರೆ ದಾರಿಯಿಲ್ಲ ಎಂದರು. ಕಾಕಾ ತಲೆ ತಗ್ಗಿಸಿ ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ. "ನಮ್ಮ ಮನ್ಯಾಗ ಹುಟ್ಟೇತ್ರಿ ಗೌಡ್ರ. ನಾನ ಕರೀತೇನಿ, ನೀವು ಹೊಡೀರಿ."

ನೀನು ಕಾಕಾನ ಕಾಲು ಹಿಡಿದೆ. ಅವರು ನಿನ್ನನ್ನು ಸವಣೂರಿಗೆ, ಸೋದರತ್ತೆ ಜನ್ನತಬಿಯ ಮನೆಗೆ ಕಳಿಸಿದರು. ವಾರ ಬಿಟ್ಟು ಬಂದಾಗ ಭೂರಿ ಇರಲಿಲ್ಲ. ಯಾರು ಕರೆದರು ಎಂದು ನೀನು ಕೇಳಿದೆ. ಕಾಕಾ, "ನಾನ" ಎಂದರು. ಅಂದಿನಿಂದ ನೀನು ಅವರಿಗೆ ನೀರು ಕೊಟ್ಟೆ, ರೊಟ್ಟಿ ಕೊಟ್ಟೆ, ಮಾತು ಮಾತ್ರ ಕೊಡಲಿಲ್ಲ. ನಿಕಾಹದ ದಿನವೂ ಕೊಡಲಿಲ್ಲ.

ಈ ಸಲ ಕಾಕಾನನ್ನು ನೋಡಿ ಬಂದೆ. ಬಿಲ್ಲು ಹಿಡಿಯಲು ಈಗ ಕೈ ಬರುವುದಿಲ್ಲ. ಅಷ್ಟು ವರ್ಷದ ಹತ್ತಿಯ ಧೂಳು ಎದೆಯಲ್ಲಿ ಕುಳಿತಿದೆ; ನಾಲ್ಕು ಮಾತಾಡಿದರೆ ಉಸಿರು ಸಾಲದು. ನಸೀರಾ ನಡೆಯುತ್ತಾಳಾ, ನಿನ್ನ ಹಾಗೆ ಎಡಗೈಲಿ ಉಣ್ಣುತ್ತಾಳಾ ಎಂದು ಕೇಳಿದರು. ಕಾಯಿಲೆಯ ಸುದ್ದಿ ಬರೆಯಬೇಡ ಎಂದು ಕೈ ಹಿಡಿದು ಹೇಳಿದರು. ಬರೆದುಬಿಟ್ಟಿದ್ದೇನೆ.

ನಿನ್ನ ಸಂಸಾರ ತಂಪಾಗಿರಲಿ. ನಸೀರಾ ನೂರು ವರ್ಷ ಬಾಳಲಿ, ಅವಳಿಗೆ ನಿನ್ನ ಧೈರ್ಯ ಬರಲಿ.

ನಿನ್ನ
ಶಿವಬಸವ್ವ

ತಾ. ಕ.: ಹರಿದು ಹಾಕಿದ ಮೂರು ಪತ್ರಗಳಲ್ಲಿದ್ದ ಮಾತು ಇದು. ಭೂರಿಯನ್ನು ಕರೆದವಳು ನಾನು.

ಕಾಕಾ ಎರಡು ದಿನ ಕರೆದರು. ಅವರ ದನಿ ಒಡೆದು ಬೇರೆಯಾಗಿತ್ತು, ಭೂರಿ ಬರಲಿಲ್ಲ. ಮೂರನೆಯ ದಿನ ಅಪ್ಪ ನನ್ನನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋದರು. ನಮ್ಮಿಬ್ಬರ ದನಿ ಒಂದೇ ಎಂದು ಊರಿಗೆಲ್ಲ ಗೊತ್ತಿತ್ತು, ನಿಮ್ಮವ್ವನೇ ಮೋಸ ಹೋಗುತ್ತಿದ್ದಳು. ನಾನು ಒಲ್ಲೆ ಎನ್ನಬಹುದಿತ್ತು. ನೀನು ಒಲ್ಲೆ ಎಂದಿದ್ದೆ. ನಾನು ಅನ್ನಲಿಲ್ಲ, ನಿನ್ನ ಹಾಗೆಯೇ ಕರೆದೆ. ಅದು ಬಾಲ ಆಡಿಸುತ್ತಾ ನೀರು ದಾಟಿ ಬಂತು. ಹತ್ತಿರ ಬಂದು, ನೀನಲ್ಲ ಎಂದು ತಿಳಿದು ನಿಂತಿತು. ಆಗ ಅಪ್ಪ ಹೊಡೆದರು.

ಕಾಕಾ ನನ್ನ ಕಣ್ಣು ಒರೆಸಿ ಹೇಳಿದ್ದು: "ಇದನ್ನ ಆಕಿ ಮುಂದ ಹೇಳಬ್ಯಾಡವ್ವ. ಸಿಟ್ಟು ನನ್ನ ಮ್ಯಾಲೆ ಇರ್ಲಿ. ನಾನು ಎಷ್ಟು ದಿನ ಇರ್ತೇನಿ? ಆಕಿಗೆ ಗೆಳತಿ ಬೇಕು."

ನಾನು ಹದಿಮೂರು ವರ್ಷ ಸುಮ್ಮನಿದ್ದು ನಿನ್ನ ಸ್ನೇಹ ಉಂಡೆ. ನೀನು ನನಗೆ ಉತ್ತರ ಬರೆಯಬೇಕಾಗಿಲ್ಲ. ಮೊದಲು ಕಾಕಾನ ಹತ್ತಿರ ಹೋಗು. ಎಲ್ಲ ಬರೆಯುತ್ತೇನೆ ಎಂದು ಹೊರಡುವಾಗ ಹೇಳಿದೆ. ಈ ಸಲ ಅವರು ಬ್ಯಾಡ ಎನ್ನಲಿಲ್ಲ. ನೀನು ಹತ್ತಿ ಬರುವ ಸವಣೂರಿನ ಬಸ್ಸು ಈಗ ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿದರು.